ಹೆಬ್ಬೆರಳಿನ ರೂಢಿ

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಮಾತು ಬಹುಕಾಲ ಮನುಷ್ಯರಿಗಷ್ಟೇ ಸಲ್ಲುತ್ತಿತ್ತು. ಯಂತ್ರಗಳೊಳಗೆ ರೂಢಿ ಚಿಪ್ಪು ಬಂದ ಮೇಲೆ ಅವಕ್ಕೂ ಸಲ್ಲತೊಡಗಿತು. ಉಗುರಿನಷ್ಟಗಲದ ಕರಿಯ ಚಿಪ್ಪು ಅದು. ಯಂತ್ರ ನಡೆಸುವವರ ಕೈ ಯಾವ ಹೊತ್ತಿನಲ್ಲಿ ಎತ್ತ ಹೊರಳುತ್ತದೆ ಎಂಬುದನ್ನು ಕಲಿತುಕೊಂಡು, ಆಮೇಲೆ ಆ ಕೈ ಇಲ್ಲದಿದ್ದರೂ ಹಾಗೆಯೇ ನಡೆಯುತ್ತಿತ್ತು. ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವವರು ಎಷ್ಟು ವರ್ಷದ್ದು ಎಂದು ಕೇಳುವುದನ್ನು ಬಿಟ್ಟು ಯಾರ ಕೈಯದು ಎಂದು ಕೇಳತೊಡಗಿದರು. ಬನಹಟ್ಟಿಯ ಮಾಸ್ತರರೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಕುಡುಕನ ಸ್ಕೂಟರು ಕೊಂಡು, ಅದು ಬಾರಿನ ಮುಂದೆ ದಿನಾಲೂ ತಾನಾಗಿ ನಿಧಾನವಾಗಿ, ಇದ್ದ ಮಾನ ಹರಾಜಾದ ಕತೆ ಊರಿಗೆಲ್ಲ ಗೊತ್ತಿತ್ತು. ಮಾರುವ ಮೊದಲು ರೂಢಿಯನ್ನು ತೊಳೆದು ಕೊಡಬೇಕೆಂದು ಕಾನೂನೇನೋ ಇತ್ತು. ಆದರೆ ತೊಳೆದ ಯಂತ್ರವೆಂದರೆ ಹಸುಗೂಸು, ಅಆಇಈಯಿಂದ ಕಲಿಸಬೇಕು. ಹೀಗಾಗಿ ಕಾನೂನು ತನ್ನ ಪಾಡಿಗಿತ್ತು, ಪೇಟೆ ತನ್ನ ಪಾಡಿಗೆ ನಡೆದಿತ್ತು.

ಕಸ್ತೂರಿ ಬೆಳಗಲಿಗೆ ಹಸುಗೂಸನ್ನು ಸಾಕುವ ವ್ಯವಧಾನ ಇರಲಿಲ್ಲ. ಬನಹಟ್ಟಿಯ ಮಗ್ಗದ ಓಣಿಯಲ್ಲಿ ಅವಳದೊಂದು ಸ್ಟುಡಿಯೋ. ಮದುವೆಯಿರಲಿ, ಬಸುರಿಯ ಕುಬುಸವಿರಲಿ, ಮೇಲಿನಿಂದ ತೆಗೆದ ವಿಡಿಯೋ ಇಲ್ಲದಿದ್ದರೆ ಕಾರ್ಯವೇ ಆಗಿಲ್ಲವೆಂಬಂತೆ ಜನ ಮುಖ ಮಾಡುತ್ತಿದ್ದರು. ಅವಳ ಹಳೆಯ ಡ್ರೋನ್ ಸುಂಟರಗಾಳಿಗೆ ಸಿಕ್ಕಿ ಕಲ್ಯಾಣ ಮಂಟಪದ ತಗಡಿನ ಮೇಲೆ ಬಿದ್ದು ಪುಡಿಪುಡಿಯಾಗಿತ್ತು. ಮದುವೆಯ ಹಂಗಾಮು ಬಾಗಿಲಿಗೆ ಬಂದಾಗ ಅವಳು ಜಿಲ್ಲೆಯ ನೆರೆ ದಳದ ಗೋದಾಮಿಗೆ ಹೋದಳು. ಕೃಷ್ಣೆ ತುಂಬಿ ಊರಿಗೆ ನುಗ್ಗಿದಾಗ ಸಿಕ್ಕಿಬಿದ್ದವರನ್ನು ಹುಡುಕಲು ಹಾರಿಸುತ್ತಿದ್ದ ಡ್ರೋನುಗಳನ್ನು, ವಯಸ್ಸಾದ ಮೇಲೆ, ಅಲ್ಲಿ ಗುಜರಿಯ ಹಾಗೆ ಮಾರುತ್ತಿದ್ದರು. ಅವುಗಳ ಉಸ್ತುವಾರಿ ದಳದ ಹಳೆಯ ಮೆಕ್ಯಾನಿಕ್ ಇಮಾಮಸಾಬ ಬಾಗವಾನನದು.

“ಗಾಳಿಯೊಳಗ ಅಲುಗಾಡಲಾರದ್ದು ಬೇಕು ನೋಡ್ರಿ ಚಾಚಾ,” ಎಂದಳು ಕಸ್ತೂರಿ.

ಇಮಾಮಸಾಬ ಅವಳನ್ನು ಒಂದು ಗಳಿಗೆ ನೋಡಿದ. ಮುಂದಿನ ಸಾಲಿನವುಗಳನ್ನೆಲ್ಲ ಬಿಟ್ಟು, ಹಿಂದಿನ ಮೂಲೆಯಿಂದ ಆರು ತೋಳಿನದೊಂದನ್ನು ಎಳೆದು ತಂದ. ಒಂದು ತೋಳು ಸೀಳಿತ್ತು, ಮೈತುಂಬ ಹೊಳೆಯ ಮಣ್ಣು ಒಣಗಿ ಅಂಟಿತ್ತು.

“ಇದನ್ನ ಒಯ್ಯಿ ಮಗಳ. ಮೈ ಕೆಟ್ಟೈತಿ, ಕೈ ಚೊಲೊ ಐತಿ. ಮೈ ಎಷ್ಟರೆ ಬದಲ್ಸು, ಚಿಪ್ಪು ತೊಳೀಬ್ಯಾಡ.”

“ಯಾರ ಕೈರಿ ಇದು?”

“ಚೊಲೊ ಕೈ ಅಂದ್ನೆಲ್ಲ,” ಎಂದು ಇಮಾಮಸಾಬ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಕಸ್ತೂರಿಗೆ ಅವಸರವಿತ್ತು, ಹೆಚ್ಚು ಕೆದಕಲಿಲ್ಲ.

ಮನೆಗೆ ತಂದು ಮುಂದಿನ ಕೋಣೆಯಲ್ಲಿ ಬಿಚ್ಚಿ ಹರವಿದಳು. ಮೋಟರುಗಳ ಬೇರಿಂಗಿನಲ್ಲಿ ಮೆಕ್ಕಲು ಸೇರಿ ಕೈಯಿಂದ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಆರನ್ನೂ ಕಿತ್ತು ಹೊಸವು ಹಾಕಿದಳು. ಸೀಳಿದ ತೋಳಿಗೆ ಹೊಸ ಕಾರ್ಬನ್ ಕೊಳವೆ ಬಂತು. ಜನರಿಗೆ ತೇಲುಬೆಂಡು ಎಸೆಯುತ್ತಿದ್ದ ಕೊಕ್ಕೆಯಿದ್ದ ಜಾಗದಲ್ಲಿ ಕ್ಯಾಮೆರಾದ ತೊಟ್ಟಿಲನ್ನು ಕೂರಿಸಿದಳು. ರೆಕ್ಕೆಗಳನ್ನು ಒಂದೊಂದಾಗಿ ಸೂಜಿಯ ಮೇಲೆ ತೂಗಿ, ಹಗುರಾದ ಬದಿಗೆ ಟೇಪಿನ ಚೂರು ಅಂಟಿಸಿದಳು. ಆದರೂ ಮೊದಲ ಹಾರಾಟದಲ್ಲಿ ಚಿತ್ರ ನೀರಿನಲ್ಲಿ ಕಂಡಂತೆ ತುಳುಕುತ್ತಿತ್ತು. ಅಂಗಡಿಯ ರಬ್ಬರು ಯಾವುದೂ ಆ ನಡುಕವನ್ನು ಹೀರಲಿಲ್ಲ. ಕೊನೆಗೆ ಪಕ್ಕದ ಮನೆಯ ವಿದ್ಯುತ್ ಮಗ್ಗದಲ್ಲಿ ಲಾಳಿಯ ಹೊಡೆತ ತಡೆಯಲು ಇಡುವ ರಬ್ಬರನ್ನೇ ಕೇಳಿ ತಂದು, ಕತ್ತರಿಸಿ, ಕ್ಯಾಮೆರಾದ ಬುಡಕ್ಕೆ ಇಟ್ಟಳು. ಚಿತ್ರ ನಿಂತಿತು. ಕಸ್ತೂರಿ ಕುಣಿದಾಡುವುದೊಂದು ಬಾಕಿ.

ಇಷ್ಟೆಲ್ಲ ನಡೆಯುವಾಗ ಅವಳ ಗಂಡ ಸಂಗನಬಸು ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಡ್ರೋನಿನ ಸದ್ದು ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಒಂದು ಕಾಲದಲ್ಲಿ ನೆರೆ ದಳದಲ್ಲಿ ಅವನಂಥ ಪೈಲಟ್ ಇನ್ನೊಬ್ಬನಿರಲಿಲ್ಲ. ದೊಡ್ಡ ನೆರೆ ಬಂದ ವರ್ಷ ಕೆಲಸ ಬಿಟ್ಟು ಬಂದ. ಈಗ ಹಿಂದಿನ ಕೋಣೆಯಲ್ಲಿ ಕುಳಿತು ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುತ್ತಿದ್ದ. ಕುಳಿತು ಎನ್ನುವುದು ಮಾತಿಗೆ ಮಾತ್ರ. ಅರ್ಧ ರೊಟ್ಟಿಗೆ ಎದ್ದು ಮಾಳಿಗೆ ಹತ್ತುವುದು, ಇಳಿಯುವುದು, ಚಹಾ ಬೇಕೆಂದು ಕೇಳಿ ಅದು ಬರುವುದರೊಳಗೆ ಓಣಿಯ ತುದಿಗೆ ಹೋಗಿ ನಿಲ್ಲುವುದು. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಅವನು ತಿರುಗುತ್ತಿದ್ದರೆ, ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸದಾ ಏನನ್ನೋ ಹಿಂದಕ್ಕೆ ಎಳೆಯುತ್ತಲೇ ಇರುತ್ತಿತ್ತು.

ಕಾರಣ ಕಸ್ತೂರಿಗೆ ಗೊತ್ತಿತ್ತು. ಆ ನೆರೆಯಲ್ಲಿ ಮಾವಿನಹಾಳವೆಂಬ ಊರಿನ ಮಾಳಿಗೆಯೊಂದರ ಮೇಲೆ ದುಂಡವ್ವ ಎಂಬ ಹೆಂಗಸು ಒಬ್ಬಳೇ ಉಳಿದಿದ್ದಳು. ಸಂಗನಬಸುವಿನ ಡ್ರೋನ್ ಅವಳನ್ನು ಕಂಡಿತು. ಅವಳು ಎರಡೂ ಕೈ ಎತ್ತಿ ಕರೆದಳು. ತೇಲುಬೆಂಡು ಆಗಲೇ ಬೇರೆಯವರಿಗೆ ಖರ್ಚಾಗಿತ್ತು. ದೋಣಿ ಬರುವ ತನಕ ಡ್ರೋನು ಅವಳ ಮೇಲೆ ನಿಂತಿದ್ದರೆ ದೋಣಿಯವರಿಗೆ ಗುರುತು ಸಿಗುತ್ತಿತ್ತು. ಅಷ್ಟರಲ್ಲಿ ಬ್ಯಾಟರಿ ಎಚ್ಚರಿಕೆ ಕೂಗಿತು. ಕೂಗಿದ ಸ್ವಲ್ಪ ಹೊತ್ತಿಗೆ, ಯಂತ್ರ ಬಿದ್ದು ಹಾಳಾಗಬಾರದೆಂದು ಇರುವ ಕಾವಲು ಬೋರ್ಡು ಪೈಲಟ್ಟಿನ ಕೈಯನ್ನು ಬದಿಗೊತ್ತಿ ಡ್ರೋನನ್ನು ತಾನೇ ಹೊರಟ ಜಾಗಕ್ಕೆ ತಿರುಗಿಸಿತು. ದೋಣಿ ಬಂದಾಗ ಆ ಮಾಳಿಗೆಯೇ ಇರಲಿಲ್ಲ.

ವಿಚಾರಣೆ ಮಾಡಿದವರು ಬ್ಯಾಟರಿಯ ತಪ್ಪೆಂದು ಬರೆದು ಮುಗಿಸಿದರು. ಸಂಗನಬಸುವಿಗೆ ಮುಗಿಯಲಿಲ್ಲ. ಎಚ್ಚರಿಕೆ ಕೂಗಿದ್ದಕ್ಕೂ ಕಾವಲು ಬೋರ್ಡು ಕೈ ಹಾಕಿದ್ದಕ್ಕೂ ನಡುವೆ ಒಂದಿಷ್ಟು ಹೊತ್ತಿತ್ತಲ್ಲ, ಆಗ ತನ್ನ ಬಲ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಹಿಂದಕ್ಕೆ ಎಳೆದದ್ದು ಅವನಿಗೆ ನೆನಪಿತ್ತು. ಬ್ಯಾಟರಿ ಬಿಡುವ ಮೊದಲೇ ತಾನು ಅವಳನ್ನು ಬಿಟ್ಟೆನೇ? ಇದೊಂದು ಪ್ರಶ್ನೆ ಅವನನ್ನು ಕೂರಲೂ ಬಿಡುತ್ತಿರಲಿಲ್ಲ, ನಿಲ್ಲಲೂ ಬಿಡುತ್ತಿರಲಿಲ್ಲ.

ಹೊಸ ಡ್ರೋನಿನ ಮೊದಲ ಮದುವೆ ನೂಲಿನ ವ್ಯಾಪಾರಿ ಮುರಗೆಪ್ಪ ಕೊಣ್ಣೂರರ ಮಗಳದು. ಗಾಳಿ ಜೋರಿತ್ತು. ಪೆಂಡಾಲಿನ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿದ್ದರೂ ಡ್ರೋನು ಆಕಾಶಕ್ಕೆ ಮೊಳೆ ಹೊಡೆದು ನೇತುಹಾಕಿದಂತೆ ನಿಂತಿತ್ತು. ಕಸ್ತೂರಿ ಅದನ್ನು ರೂಢಿಗೆ ಬಿಟ್ಟು, ಕೆಳಗಿನ ಕ್ಯಾಮೆರಾ ಹಿಡಿದು ಓಡಾಡಿದಳು. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಸಮಯವಾಯಿತು. ಆದರೆ ಊರಿನ ಗಣ್ಯರ ಸನ್ಮಾನ ಬಾಕಿಯಿತ್ತು. ಒಬ್ಬರಿಗೆ ಶಾಲು ಹೊದಿಸಿದರೆ ಇನ್ನೊಬ್ಬರಿಗೆ ಸಿಟ್ಟು, ಅವರಿಗೂ ಹೊದಿಸಿದರೆ ಅವರ ತಮ್ಮನಿಗೆ ಸಿಟ್ಟು. ಮೈಕಿನಲ್ಲಿ ಹೆಸರುಗಳು ಬರುತ್ತಲೇ ಇದ್ದವು, ಮುಹೂರ್ತ ಜಾರುತ್ತಲೇ ಇತ್ತು, ಮೇಲೆ ಬ್ಯಾಟರಿ ಇಳಿಯುತ್ತಲೇ ಇತ್ತು.

ಕೊನೆಗೂ ವಾಲಗ ಜೋರಾಯಿತು. ನೆರೆದ ಮಂದಿಯೆಲ್ಲ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಒಮ್ಮೆಲೇ ಕೈ ಎತ್ತಿದರು. ಅದೇ ಹೊತ್ತಿಗೆ ಬ್ಯಾಟರಿಯ ಎಚ್ಚರಿಕೆಯೂ ಕೂಗಿತು. ಡ್ರೋನು ತಲೆ ಬಗ್ಗಿಸಿ ಕೆಳಗಿಳಿಯತೊಡಗಿತು.

ಮನೆಯ ಮಾಳಿಗೆಯ ಮೇಲೆ ಎಷ್ಟೋ ಸಲ ಹಾರಿಸಿದ್ದಳು ಕಸ್ತೂರಿ. ಅಲ್ಲಿ ಅದರ ಮುಂದೆ ಯಾರೂ ಕೈ ಎತ್ತಿರಲಿಲ್ಲ. ನೆರೆ ದಳದ ಯಂತ್ರಕ್ಕೆ ಎತ್ತಿದ ಕೈಯೆಂದರೆ ಒಂದೇ ಅರ್ಥ ಎಂಬುದು, ಮದುವೆಯಲ್ಲಿ ಸಾವಿರ ಕೈ ಏಳುತ್ತವೆ ಎಂಬುದು, ಎರಡೂ ಗೊತ್ತಿದ್ದೂ ಅವಳಿಗೆ ಅವೆರಡನ್ನು ಕೂಡಿಸಿ ನೋಡಲು ಹೊಳೆದಿರಲಿಲ್ಲ.

“ಏ, ಕೈ ಇಳಸ್ರೀ! ಎಲ್ಲಾರೂ ಕೈ ಇಳಸ್ರೀ!” ಎಂದು ಕೂಗಿದಳು. ವಾಲಗದಲ್ಲಿ ಯಾರಿಗೆ ಕೇಳಬೇಕು? ಅಕ್ಕಿ ಬಿದ್ದಷ್ಟೂ ಡ್ರೋನು ಇಳಿಯಿತು. ಮುಂದಿನ ಸಾಲಿನವರ ತಲೆಯ ಪಟಗ ಹಾರಿದವು. ಶಾಲು ಹೊದಿಸಿಕೊಂಡ ಗಣ್ಯರು ಶಾಲು ಬಿಟ್ಟು ಓಡಿದರು. ಒಬ್ಬ ಮುದುಕಿ ಮಾತ್ರ ಅಲುಗಲಿಲ್ಲ. “ಇಷ್ಟ ದೂರ ಬಂದೀದಿ, ನಿನಗೂ ನಾಕ ಕಾಳ ಇರಲಿ ತಗೊ,” ಎಂದು ಅದರ ಮೇಲೆಯೇ ಅಕ್ಕಿ ಎರಚಿದಳು. ಡ್ರೋನು ಅವಳೆದುರು ಬಂದು, ಒಂದು ಕ್ಷಣ ನಿಂತು, ಸರ್ರನೆ ಹಿಂದಕ್ಕೆ ಸರಿಯಿತು. ಅಷ್ಟರಲ್ಲಿ ಕಸ್ತೂರಿ ರಿಮೋಟು ಕೈಗೆತ್ತಿಕೊಂಡು ಅದನ್ನು ಎತ್ತರಕ್ಕೆ ಒಯ್ದಳು. ಮುರಗೆಪ್ಪನವರು ಅವಳಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ಮಧ್ಯಾಹ್ನ ಕಸ್ತೂರಿ ಊಟಕ್ಕೆ ಕರೆಯಲು ಹಿಂದಿನ ಕೋಣೆಗೆ ಹೋದಾಗ ಸಂಗನಬಸು ಕುಳಿತಿದ್ದ. ಅಲುಗಾಡದೆ ಕುಳಿತಿದ್ದ. ಅವನನ್ನು ಹಾಗೆ ನೋಡಿ ಎಷ್ಟು ವರ್ಷಗಳಾಗಿದ್ದವೋ, ಅವಳಿಗೆ ಭಯವೇ ಆಯಿತು. ಪರದೆಯ ಮೇಲೆ ಅಕ್ಕಿಕಾಳಿನ ದೃಶ್ಯವಿತ್ತು. ಡ್ರೋನು ಇಳಿಯುತ್ತಿತ್ತು, ಮುದುಕಿಯ ಮುಖ ದೊಡ್ಡದಾಗುತ್ತಿತ್ತು, ಡ್ರೋನು ನಿಂತು, ಹಿಂದಕ್ಕೆ. ಅವನು ಮತ್ತೆ ಮೊದಲಿನಿಂದ ಹಾಕಿದ.

“ಇದು ನನ್ನ ಕೈ,” ಎಂದ.

“ಏನ್ರಿ?”

“ಇಳಿಯೂ ಮೊದಲ ಎಡಕ್ಕ ಒಂಚೂರು ವಾಲತೈತಿ ನೋಡು. ದಳದಾಗ ಎಲ್ಲಾರೂ ನಗತಿದ್ರು ನನಗ, ಸಂಗ್ಯಾ ಗಾಡಿ ಕುಂಟಸ್ತಾನಂತ. ಯಾರು ಕೊಟ್ಟರು ನಿನಗ ಇದನ್ನ?”

ಕಸ್ತೂರಿಗೆ ಇಮಾಮಸಾಬನ ನೋಟದ ಅರ್ಥ ಈಗ ಆಯಿತು. ಅವನ ಹೆಸರು ಹೇಳಿದಳು. ಸಂಗನಬಸು ಸಿಟ್ಟಾಗಲಿಲ್ಲ. ಪರದೆಯ ಕಡೆ ಬೆರಳು ಮಾಡಿದ.

“ಬ್ಯಾಟರಿ ಕೂಗಿದ ಮ್ಯಾಲೆ ಹಿಂದಕ್ಕ ಸರೀತು, ಕಂಡೇನು?”

“ಅದು ನಾನs ಎತ್ತಿದ್ದು. ರಿಮೋಟು ನನ್ನ ಕೈಯಾಗಿತ್ತು.”

“ನೀ ಎತ್ತೂಕಿಂತ ಮೊದಲು ಸರದೈತಿ. ನಾ ಹೇಳತಿದ್ನೆಲ್ಲ, ಬೆರಳು ಎಳದೈತಿ ಅಂತ. ಯಾರೂ ನಂಬಲಿಲ್ಲ.” ಅವನ ದನಿಯಲ್ಲಿ ಒಂದು ಥರದ ಗೆಲುವೂ ಇತ್ತು.

ಅವಳು ಅವತ್ತೇ ಡ್ರೋನನ್ನು ಚೀಲಕ್ಕೆ ಹಾಕಿಕೊಂಡು ಗೋದಾಮಿಗೆ ಹೊರಟಳು. ಚಿಪ್ಪು ತೊಳೆಸಿಬಿಡುತ್ತೇನೆ ಎಂದು ಗಂಡನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಕೂರಲಾಗದೆ ನಿಂತೇ ಹೋದಳು. ಅವನ ಚಾಳಿ ತನಗೂ ಹತ್ತಿತೇನೋ ಎನಿಸಿತು.

“ಗೊತ್ತಿದ್ದೂ ಕೊಟ್ಟರೆಲ್ಲ ಚಾಚಾ! ಗಾಯಕ್ಕ ಉಪ್ಪು ಸವರಬೇಕಂತ ಮಾಡಿದ್ರೇನು?”

ಇಮಾಮಸಾಬ ತಲೆ ತಗ್ಗಿಸಿದ. “ಗುಜರಿಯಾಂವ ಬಂದಿದ್ದ ಮಗಳ. ಅಂಥಾ ಕೈಯಿಂದ ಕಲತದ್ದು ತೂಕಕ್ಕ ಹೋಗೂದು ನನ್ನ ಮನಸಿಗೆ ಬರಲಿಲ್ಲ. ನಿಮ್ಮ ಮನ್ಯಾಗರೆ ಇರಲಿ ಅಂತ ಕೊಟ್ಟೆ. ಅಕ್ಕಿಕಾಳು ನನ್ನ ತಲ್ಯಾಗೂ ಬರಲಿಲ್ಲ.”

“ಇದರಾಗ ಆವತ್ತಿಂದು ಐತೇನು? ತಗದು ಓದಾಕ ಬರತೈತೇನು?”

“ಫೋಟೋ ಇರೂದಿಲ್ಲ, ಮಾತು ಇರೂದಿಲ್ಲ. ಬರೇ ರೂಢಿ. ಒಬ್ಬಾವನ ಅಕ್ಷರ ಹೆಂಗದಾವಂತ ತಿಳೀಬೇಕಂದ್ರ ಕೈಯಾಗ ಪೆನ್ನು ಕೊಟ್ಟು ಬರಸಬೇಕು. ತೋಳು ಕೊಯ್ದು ನೋಡಿದ್ರ ಅಕ್ಷರ ಸಿಗತಾವೇನು? ಇದೂ ಹಂಗ. ಅದs ಹೊತ್ತು ಮತ್ತೊಮ್ಮೆ ತಂದು ಹಾರಿಸಿದ್ರ, ಅದs ಮಾಡತೈತಿ.”

ಗೋದಾಮಿನ ಪಕ್ಕದಲ್ಲಿ ಪರೀಕ್ಷೆಯ ಕೋಣೆಯಿತ್ತು. ಒಂದು ಗೋಡೆಗೆ ದೊಡ್ಡ ಫ್ಯಾನು, ಇನ್ನೊಂದಕ್ಕೆ ಪರದೆ. ಇಮಾಮಸಾಬ ಡ್ರೋನಿಗೆ ಹಗ್ಗ ಕಟ್ಟಿ ನಡುವೆ ಹಾರಿಸಿದ. ಗಾಳಿ ಬಿಟ್ಟು, ಪರದೆಯ ಮೇಲೆ ಕೈ ಎತ್ತಿದ ಹೆಂಗಸಿನ ಚಿತ್ರ ಹಾಕಿದ. ಬ್ಯಾಟರಿ ಮುಗಿಯುತ್ತ ಬಂದಂತೆ ತೋರಿಸುವ ಬಟನ್ನು ಒತ್ತಿದ. ಎಚ್ಚರಿಕೆ ಕೂಗಿತು. ಡ್ರೋನು ನಿಂತು, ಹಿಂದಕ್ಕೆ ಸರಿದು, ಹಗ್ಗ ಬಿಗಿಯಾಗಿ ಅಲ್ಲೇ ಜಗ್ಗತೊಡಗಿತು. ಮತ್ತೆ ಮಾಡಿದರು. ಮತ್ತೆ ಅದೇ.

“ಸಾಕು, ಬಂದ್ ಮಾಡ್ರಿ,” ಎಂದಳು ಕಸ್ತೂರಿ. “ತೊಳದಬಿಡ್ರಿ ಚಾಚಾ. ಈಗs ತೊಳದಬಿಡ್ರಿ.”

“ಹಗ್ಗದಾಗ ಕಟ್ಟಿದ್ದು ಪೂರಾ ಹೇಳೂದಿಲ್ಲ ಮಗಳ. ಹಿಂದ ಸರದು ಏನ ಮಾಡತಿತ್ತು, ಅದನ್ನ ಹಗ್ಗ ಬಿಡವಲ್ದು. ಇನ್ನೊಂದು ಕೇಳು. ಕಾವಲು ಬೋರ್ಡು ಡ್ರೋನನ್ನ ತಿರಿಗಿಸಿ ತಂದಾಗೂ ಪೈಲಟ್ಟಿನ ಬೆರಳು ಕಡ್ಡೀಮ್ಯಾಲ ಇರತಾವು. ಡ್ರೋನು ಅವಕ್ಕ ಕಿಮ್ಮತ್ತು ಕೊಡೂದಿಲ್ಲ, ಖರೆ. ಆದ್ರ ಚಿಪ್ಪು ಆಗೂ ಕಲೀತಿರತೈತಿ. ಸಂಗನಬಸು ಅಷ್ಟು ಇಳದ ಬ್ಯಾಟರಿಮ್ಯಾಲ ಎತ್ತಿದ ಕೈ ಕಂಡದ್ದು ಅದೊಂದ ಸಲ. ಅದು ಇದರಾಗ ಹಂಗs ಕುಂತೈತಿ.” ಇಮಾಮಸಾಬ ಚಿಪ್ಪು ತೊಳೆಯುವ ತಂತಿಯನ್ನು ತಂದು ಅವಳ ಮುಂದೆ ಇಟ್ಟ. “ತೊಳೀತೀನಂದ್ರ ತೊಳಿ. ಖರೆ ಅವನ ಕೇಳಿ ತೊಳಿ. ಕೈ ಅವಂದು.”

ಕಸ್ತೂರಿ ತಂತಿಯನ್ನು ಕೈಗೆತ್ತಿಕೊಂಡಳು. ತೊಳೆದರೆ ಅನುಮಾನವೊಂದು ಉಳಿಯುತ್ತದೆ. ಅನುಮಾನದ ಜೊತೆ ಇಬ್ಬರೂ ಹೇಗೋ ಬದುಕುತ್ತಿದ್ದಾರೆ. ತೊಳೆಯದೆ ಹಾರಿಸಿ, ಅದು ನಿಜವಾಗಿ ಬೆನ್ನು ತಿರುಗಿಸಿ ಹೋಗಿಬಿಟ್ಟರೆ? ಆಮೇಲೆ ಆ ಮನುಷ್ಯನನ್ನು ಯಾವ ಮಾತಿನಿಂದ ಹಿಡಿದು ನಿಲ್ಲಿಸುವುದು? ತಂತಿಯನ್ನು ಅಲ್ಲೇ ಬಿಟ್ಟು, ಚೀಲ ಹೆಗಲಿಗೇರಿಸಿ ಹೊರಟಾಗಲೂ ಅವಳಿಗೆ ತಾನು ಮಾಡಿದ್ದು ಸರಿಯೆನಿಸಿರಲಿಲ್ಲ.

ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಹಗ್ಗ ಜಗ್ಗಿದ್ದನ್ನೂ ಮುಚ್ಚಿಡಲಿಲ್ಲ. ಸಂಗನಬಸು ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆಯ ಕಂಬದವರೆಗೆ ತಿರುಗುತ್ತ ಕೇಳಿದ.

“ಮಾವಿನಹಾಳಕ್ಕ ಹೋಗೂನು,” ಎಂದ. “ಹೊಳೀಗೆ ನೀರಿಲ್ಲ ಈಗ. ಹಳೇ ಮನಿ ಒಂದೆರಡು ನಿಂತಾವು. ನಾ ಮಾಳಿಗಿಮ್ಯಾಲ ನಿಂತು ಕೈ ಎತ್ತತೀನಿ. ಕಾವಲು ಬೋರ್ಡು ಕಿತ್ತು ಹಾರಸು.”

“ಕಾವಲು ಬೋರ್ಡು ಇಲ್ಲಂದ್ರ ಬ್ಯಾಟರಿ ಮುಗದು ಬೀಳತೈತ್ರಿ. ಬಿದ್ರ ಪುಡಿ. ಈ ಹಂಗಾಮಿನ ಮದುವಿ ಎಲ್ಲಾ ಹೋಗತಾವು.”

“ಬೀಳಬೇಕಲ್ಲ ಅದು! ಬಿದ್ರ ಬಿಟ್ಟು ಹೋಗಲಿಲ್ಲಂತ ಅರ್ಥ. ಹೋದ್ರ ನಿನ್ನ ಡ್ರೋನು ಉಳೀತೈತಿ.”

ಕಸ್ತೂರಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. “ಗೊತ್ತಾಗಿ ಏನ ಮಾಡತೀರಿ? ಹೋತು ಅಂತ ತಿಳ್ಕೊರಿ. ಆಮ್ಯಾಲೆ?”

ಅವನು ತಿರುಗುವುದನ್ನು ನಿಲ್ಲಿಸಿದ. “ಕುಂದರತೀನಿ,” ಎಂದ. “ತಪ್ಪು ನಂದ ಅಂತ ಗೊತ್ತಾದ್ರೂ ಸೈ, ಒಂದ ಕಡೆ ಕುಂದರತೀನಿ ಕಸ್ತೂರಿ. ಈಗ ಅದೂ ಆಗವಲ್ದು.”

ಅವಳು ಮುಂದಿನ ಕೋಣೆಗೆ ಹೋಗಿ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾವಲು ಬೋರ್ಡನ್ನು ಬಿಚ್ಚಿದಳು.

ಮಾವಿನಹಾಳದ ಜನ ನೆರೆಯ ನಂತರ ಮೇಲಿನ ದಿಬ್ಬಕ್ಕೆ ಹೋಗಿ ಹೊಸ ಊರು ಕಟ್ಟಿಕೊಂಡಿದ್ದರು. ಹಳೆಯ ಊರಿನಲ್ಲಿ ಈಗ ಜಾಲಿ ಬೆಳೆದಿತ್ತು. ಕುಸಿದ ಗೋಡೆಗಳ ನಡುವೆ ಒಂದು ಮನೆ ಮಾತ್ರ ಮಾಳಿಗೆ ಸಮೇತ ನಿಂತಿತ್ತು. ಸಂಗನಬಸು ಅದರ ಮುರುಕು ಮೆಟ್ಟಿಲು ಹತ್ತಿದ. ಇಮಾಮಸಾಬನೂ ಬಂದಿದ್ದ. ಬಂದವನು ಜಾಲಿಯ ನೆರಳಿನಲ್ಲಿ ಟವೆಲ್ ಹಾಸಿ ಕೂತರೂ ಕಣ್ಣು ಮಾತ್ರ ಮೇಲಿದ್ದವು. ಬಿಸಿಲು ಏರಿತ್ತು, ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು.

ಕಸ್ತೂರಿ ಡ್ರೋನನ್ನು ಏರಿಸಿ, ಬ್ಯಾಟರಿ ಇಳಿಯುವವರೆಗೆ ಹೊಳೆಯ ಮೇಲೆ ಸುತ್ತಿಸಿದಳು. ಆಮೇಲೆ ಮಾಳಿಗೆಯ ಮೇಲೆ ತಂದು ರೂಢಿಗೆ ಬಿಟ್ಟಳು. ಇನ್ನು ಅವಳು ಕಡ್ಡಿ ಮುಟ್ಟಿದರೆ ಪರೀಕ್ಷೆ ಕೆಟ್ಟಿತು. ಮುಟ್ಟಬಾರದು ಎಂದಾಗಲೇ ಕೈ ತುರಿಸುತ್ತವೆ. ರಿಮೋಟನ್ನು ನೆಲದ ಮೇಲಿಟ್ಟು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮೇಲೆ ಸಂಗನಬಸು ಕೈ ಎತ್ತಿದ.

ಡ್ರೋನು ಎಡಕ್ಕೆ ಕೊಂಚ ವಾಲಿ ಇಳಿಯತೊಡಗಿತು. ಅವನ ತಲೆಯ ಮೇಲೆ ಬಂದು ನಿಂತಿತು. ರೆಕ್ಕೆಯ ಗಾಳಿಗೆ ಅವನ ಅಂಗಿ ಮೈಗೆ ಅಂಟಿತು, ಕೂದಲು ಕೆದರಿತು, ಮಾಳಿಗೆಯ ಮಣ್ಣು ಎದ್ದು ಕಣ್ಣಿಗೆ ತುಂಬಿತು. ಆದರೂ ಕೈ ಇಳಿಸಲಿಲ್ಲ. ಎಚ್ಚರಿಕೆ ಕೂಗಿತು. ಡ್ರೋನು ಸರ್ರನೆ ಹಿಂದಕ್ಕೆ ಸರಿಯಿತು.

“ಅಯ್ಯೋ ಯಪ್ಪಾ,” ಎಂದಳು ಕಸ್ತೂರಿ. ಕೈಗಳು ತಾವಾಗಿ ಸೆರಗಿನಿಂದ ಹೊರಬಂದವು. ರಿಮೋಟು ಕಾಲ ಬಳಿಯೇ ಇತ್ತು. ಈಗ ಕಡ್ಡಿಯನ್ನು ಒಂದು ಎಳೆ ಮುಂದಕ್ಕೆ ಒತ್ತಿದರೆ ಸಾಕು, ಡ್ರೋನು ಅವನ ಬಳಿಗೆ ಹೋಗುತ್ತದೆ. ಅವನು ನಂಬುತ್ತಾನೆ, ಉಳಿದ ಆಯುಷ್ಯವೆಲ್ಲ ನೆಮ್ಮದಿಯಿಂದ ಕೂರುತ್ತಾನೆ. ಅವಳು ಬಗ್ಗಿಯೂ ಬಗ್ಗಿದಳು. ಮಾಳಿಗೆಯ ಮೇಲೆ ಸಂಗನಬಸುವಿನ ಎತ್ತಿದ ಕೈಗಳು ಭುಜದವರೆಗೆ ಇಳಿದಿದ್ದವು. ಅವನು ಡ್ರೋನಿನ ಕಡೆ ನೋಡುತ್ತಿದ್ದ ನೋಟಕ್ಕೆ ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ. ಬಗ್ಗಿದವಳು ಹಾಗೆಯೇ ನೆಲಕ್ಕೆ ಕುಳಿತು ಕೈಗಳನ್ನು ತೊಡೆಯಡಿ ಅದುಮಿಕೊಂಡಳು.

ಸರಿದ ಡ್ರೋನು ತಿರುಗಿ ಹೋಗಲಿಲ್ಲ. ಒಂದು ಮಾರು ಹಿಂದೆ ನಿಂತಿತು, ಅಲ್ಲಿಂದ ನೆಟ್ಟಗೆ ಇಳಿಯತೊಡಗಿತು. ಅವನ ತಲೆಯ ಮಟ್ಟಕ್ಕೆ ಬಂತು, ಎದೆಯ ಮಟ್ಟಕ್ಕೆ ಬಂತು, ಅಲ್ಲಿ ನಿಂತು ಕ್ಯಾಮೆರಾವನ್ನು ಅವನ ಮುಖದತ್ತ ಎತ್ತಿತು. ಈಗ ಅದರ ಗಾಳಿ ಅವನಿಗೆ ಬಡಿಯುತ್ತಿರಲಿಲ್ಲ. ಕೆದರಿದ ಕೂದಲು ಹಣೆಯ ಮೇಲೆ ಕೂತಿತು.

“ಗಾಳಿ ಬಡೀಬಾರದಂತ!” ಜಾಲಿಯ ಕೆಳಗಿನಿಂದ ಇಮಾಮಸಾಬ ಎದ್ದು ಕೂಗಿದ. “ಮಂದಿ ತಲೀಮ್ಯಾಲ ಇಳಸಿದ್ರ ಗಾಳಿಗೆ ಆಯ ತಪ್ಪಿ ಬೀಳತಾರಂತ, ಹಿಂದ ತಗೊಂಡು ಎದುರಿಗೆ ಇಳಸ್ಯಾನ! ಬಿಟ್ಟು ಹೋಗಾಕ ಎಳದಿದ್ದಲ್ಲೋ ಅದು!”

ಸಂಗನಬಸುವಿನ ಹೆಬ್ಬೆರಳು ನೆನಪಿಟ್ಟುಕೊಂಡದ್ದು ಸುಳ್ಳಾಗಿರಲಿಲ್ಲ. ಅದು ಎಳೆದಿತ್ತು. ಎಳೆದ ಮೇಲೆ ಎಡ ಹೆಬ್ಬೆರಳು ಕೆಳಕ್ಕೆ ಒತ್ತಿತ್ತು. ಅಷ್ಟರಲ್ಲಿ ಕಾವಲು ಬೋರ್ಡು ಡ್ರೋನನ್ನು ಕಿತ್ತುಕೊಂಡಿದ್ದರಿಂದ, ಒತ್ತಿದ್ದು ಎಲ್ಲೂ ಕಾಣಲಿಲ್ಲ, ಅವನ ನೆನಪಿನಲ್ಲೂ ಉಳಿಯಲಿಲ್ಲ. ಚಿಪ್ಪೊಂದೇ ಅದನ್ನು ಇಟ್ಟುಕೊಂಡಿತ್ತು.

ಡ್ರೋನು ಅವನೆದುರು ಹಾಗೆಯೇ ನಿಂತಿತ್ತು. ಎಚ್ಚರಿಕೆಯ ಕೂಗು ಎಡೆಬಿಡದ ಒಂದೇ ಸದ್ದಾಯಿತು. ಒಂದು ಬದಿಯ ರೆಕ್ಕೆಗಳು ಸೋತು ಡ್ರೋನು ಮಾಳಿಗೆಯ ಅಂಚಿನಾಚೆಗೆ ವಾಲಿತು. ಸಂಗನಬಸು ಮುಂದಕ್ಕೆ ಹಾರಿ ಅದರ ಕಾಲುಗಳನ್ನು ಹಿಡಿದುಕೊಂಡ. ನಿಲ್ಲುತ್ತಿದ್ದ ರೆಕ್ಕೆಯೊಂದು ಅವನ ಮುಂಗೈಯನ್ನು ಕೊಯ್ದಿತು. ಬಿಡಲಿಲ್ಲ.

ಕಸ್ತೂರಿ ಮುರುಕು ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಹೋದಾಗ ಅವನು ಡ್ರೋನನ್ನು ತೊಡೆಯ ಮೇಲಿಟ್ಟುಕೊಂಡು ಮಾಳಿಗೆಯ ಮಣ್ಣಿನಲ್ಲಿ ಕುಳಿತಿದ್ದ. ಮುಂಗೈಯ ರಕ್ತ ಮೊಣಕೈಯವರೆಗೆ ಹರಿದಿತ್ತು. ಅವಳು ಸೆರಗಿನ ಅಂಚು ಹರಿದು ಗಾಯಕ್ಕೆ ಬಿಗಿಯತೊಡಗಿದಳು. ಸಂತೋಷದಲ್ಲಿ ಗಂಟಿನ ಮೇಲೆ ಗಂಟು ಹಾಕಿದಳು.

“ಬಿಟ್ಟು ಬಂದಿರಲಿಲ್ರಿ ನೀವು,” ಎಂದಳು. “ನೋಡಿದ್ರಿಲ್ಲೋ? ಬಿಟ್ಟು ಬಂದಿರಲಿಲ್ಲ.”

“ಹೌದು,” ಎಂದ ಸಂಗನಬಸು. “ಬಿಟ್ಟು ಬಂದಿರಲಿಲ್ಲ.”

ಅವನು ಹೊಳೆಯ ಕಡೆ ನೋಡಿದ. ನೀರು ಎಲ್ಲೋ ದೂರದಲ್ಲಿ, ಮರಳಿನ ನಡುವೆ, ಸಣ್ಣ ಗೆರೆಯಾಗಿತ್ತು.

“ನಾ ಬಿಡಲಾರದs ಆಕಿ ಹೋದಳಲ್ಲ ಕಸ್ತೂರಿ. ಎಷ್ಟು ಹತ್ರ ಇದ್ನಿ ನೋಡು. ಇಷ್ಟು ಹತ್ರ.” ಅವನು ಗಾಯವಿಲ್ಲದ ಕೈಯನ್ನು ಮುಂದೆ ಚಾಚಿ ತೋರಿಸಿದ. “ಕೈ ಎತ್ತಿ ನಿಂತಿದ್ದಳು. ಹಸರ ಸೀರಿ. ನನ್ನ ನೋಡಿ ನಕ್ಕಿದ್ದಳು ಆಕಿ, ಬಂದ್ರು ಅಂತ.”

ಆ ನಗುವಿನ ಮಾತು ಅವನ ಬಾಯಿಂದ ಕಸ್ತೂರಿ ಕೇಳಿದ್ದು ಅಂದೇ ಮೊದಲು. ಇಷ್ಟು ವರ್ಷ ಅವನು ತನ್ನ ತಪ್ಪಿಗಾಗಿ ಒದ್ದಾಡಿದ್ದ. ತಪ್ಪು ಇಲ್ಲವೆಂದು ಗೊತ್ತಾದ ಮೇಲೆ ಅಲ್ಲಿ ದುಂಡವ್ವ ಒಬ್ಬಳೇ ಉಳಿದಳು. ಸಂಗನಬಸು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು, ಮೈ ಅದುರುವ ಹಾಗೆ, ಅವಳಿಗಾಗಿ ಅತ್ತ. ಕಸ್ತೂರಿ ಅವನ ಪಕ್ಕದಲ್ಲಿ ಕುಳಿತುಕೊಂಡಳು.